ಚೌರಿಗೆ ಸೇರದ ಕೂದಲು

ನಮ್ಮ ಮನೆಯ ಬಚ್ಚಲ ಬಾಗಿಲ ಹಿಂದೆ ಒಂದು ಬಟ್ಟೆಯ ಚೀಲ ತೂಗುತ್ತಿತ್ತು. ಅದರೊಳಗೆ ಇದ್ದದ್ದು ಮನೆ ಹೆಂಗಸರ ಉದುರಿದ ಕೂದಲು. ಬೇರೆಯವರ ಮನೆಗಳಲ್ಲಿ ತಲೆ ಬಾಚಿದ ಮೇಲೆ ಉದುರಿದ್ದನ್ನು ಬೆರಳಿಗೆ ಸುತ್ತಿ, ಥೂ ಎಂದು ಒಮ್ಮೆ ಉಗಿದು, ಹಿತ್ತಿಲ ಮೂಲೆಗೆ ಎಸೆಯುತ್ತಿದ್ದರು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಮಾತ್ರ ಅದು ಆಸ್ತಿ. ಬೆರಳಿಗೆ ಸುತ್ತಿದ ಉಂಡೆ ಚೀಲಕ್ಕೇ ಹೋಗಬೇಕು. ಚೀಲ ತುಂಬಿದಾಗ ಚೌರಿ ಕಟ್ಟುವವಳು ಬಂದು, ಉಂಡೆಗಳನ್ನು ಬಿಡಿಸಿ, ಬಾಚಿ, ಬುಡ ಕೂಡಿಸಿ, ಕಪ್ಪು ದಾರದಲ್ಲಿ ಬಿಗಿದು ಮಾರುದ್ದದ ಚೌರಿ ಮಾಡಿಕೊಡಬೇಕು. ಕೂದಲು ಕಮ್ಮಿ ಇದ್ದವರು ಅದನ್ನು ತಮ್ಮ ಜಡೆಗೆ ಸೇರಿಸಿ ಹೆಣೆದುಕೊಂಡರೆ ಹುಟ್ಟಿನಿಂದ ಬಂದ ಜಡೆಯಂತೆಯೇ ಕಾಣಬೇಕು. ಅಂಗಡಿಯಲ್ಲಿ ಸಿಗುವ ಚೌರಿ ಯಾರ ತಲೆಯದ್ದೋ ಏನೋ, ನಮಗೆ ನಮ್ಮ ಮನೆಯದ್ದೇ ಆಗಬೇಕು ಎನ್ನುವುದು ಅಜ್ಜಿಯ ಕಾನೂನು. ನಮ್ಮ ಬೀದಿಯಲ್ಲಿ ನಮ್ಮದನ್ನು ಜಡೆ ಮನೆ ಎಂದೇ ಕರೆಯುತ್ತಿದ್ದರು. ಅಜ್ಜನ ಅಕ್ಕಿಪೇಟೆಯ ಮಂಡಿಗಿಂತ ಅಜ್ಜಿಗೆ ಆ ಹೆಸರಿನ ಮೇಲೆಯೇ ಹೆಮ್ಮೆ ಜಾಸ್ತಿ.

ಆ ಚೀಲಕ್ಕೆ ನನ್ನ ಕೂದಲು ಹಾಕುವಂತಿರಲಿಲ್ಲ. ಅಮ್ಮನದ್ದೂ ಹಾಕುವಂತಿರಲಿಲ್ಲ. ನಮ್ಮಿಬ್ಬರದ್ದು ಗುಂಗುರು ಕೂದಲು. ಅಮ್ಮ ಮಾಗಡಿ ಕಡೆಯ ಹಳ್ಳಿಯವಳು, ಬೇಸಾಯದ ಮನೆಯವಳು, ನಮ್ಮ ಪೇಟೆಯವರ ಬಾಯಲ್ಲಿ ಹೇಳುವುದಾದರೆ ‘ಬೇರೆ ಜನ’. ಟೀಚರ್ ಓದಲು ಬಂದು ಹಾಸ್ಟೆಲಿನಲ್ಲಿದ್ದಳು. ಹಾಸ್ಟೆಲಿಗೆ ಅಕ್ಕಿ ಮೂಟೆ ಹಾಕಿಸಲು ಹೋಗುತ್ತಿದ್ದ ಅಪ್ಪ ಅವಳನ್ನು ನೋಡಿ, ಮದುವೆಯಾದರೆ ಇವಳನ್ನೇ ಎಂದು ಊಟ ಬಿಟ್ಟು ಕೂತರಂತೆ. ಅಜ್ಜ ಸೋತರು, ಅಜ್ಜಿ ಸೋತಂತೆ ಮಾಡಿದರು. ಮದುವೆಗೆ ಮುಂಚೆ ಅಮ್ಮನಿಗೆ ಲಿಂಗದೀಕ್ಷೆ ಕೊಡಿಸಿದರು. ಕೊರಳಿಗೆ ಬೆಳ್ಳಿ ಕರಡಿಗೆ ಬಂತು, ಹಣೆಗೆ ವಿಭೂತಿ ಬಂತು, ತಟ್ಟೆಯಿಂದ ಮಾಂಸ ಹೋಯಿತು. ಕೂದಲು ಮಾತ್ರ ದೀಕ್ಷೆ ತೆಗೆದುಕೊಳ್ಳಲಿಲ್ಲ. ಅದು ಮೊದಲು ಹೇಗಿತ್ತೋ ಹಾಗೆಯೇ ಸುರುಳಿ ಸುರುಳಿಯಾಗಿ ಉಳಿಯಿತು, ಆಮೇಲೆ ಹುಟ್ಟಿದ ನನಗೂ ಬಂತು.

ಅಜ್ಜಿಯನ್ನು ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ನಾನು ಹುಟ್ಟಿದಾಗ ಲಿಂಗ ಕಟ್ಟಿಸಿದವರು ಅವರೇ. ಬೆಳಿಗ್ಗೆ ಪೂಜೆಗೆ ಕೂತಾಗ ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡು, ವಿಭೂತಿ ಗಟ್ಟಿಯನ್ನು ನೀರಿಗೆ ತೇಯ್ದು ನನ್ನ ಹಣೆಗೆ ಮೂರು ಗೆರೆ ಎಳೆಯುತ್ತಿದ್ದರು. ಹೋಳಿಗೆ ಮಾಡಿದ ದಿನ ಹೂರಣ ಜಾಸ್ತಿ ಇದ್ದದ್ದು ನನ್ನ ಎಲೆಗೇ ಬೀಳುತ್ತಿತ್ತು. ಅಮ್ಮನ ಮುದ್ದೆಯ ವಿಷಯದಲ್ಲಿಯೂ ಅಷ್ಟೇ. ಅಕ್ಕಿ ಮಾರುವ ಮನೆಯಲ್ಲಿ ರಾಗಿ ಹಿಟ್ಟು ತರುವುದೇ, ನೋಡಿದವರು ಮಂಡಿ ಮುಳುಗಿತು ಅಂದುಕೊಳ್ಳುವುದಿಲ್ಲವೇ ಎಂದು ಮೊದಲ ವರ್ಷ ಕೂಗಾಡಿದರಂತೆ. ನಾನು ಕಾಣುವ ಹೊತ್ತಿಗೆ ಅವರ ಹಲ್ಲು ಬಿದ್ದು, ಅವರೆಕಾಳು ಸಾರಿಗೆ ಅಮ್ಮ ಮಾಡಿದ ಮುದ್ದೆಯನ್ನೇ ಮುರಿದು ನುಂಗುತ್ತಿದ್ದರು. ಬೀದಿ ಬಾಗಿಲು ಹಾಕಿದ್ದರೆ ಮಾತ್ರ. ಹೀಗೆ ಒಂದೊಂದಾಗಿ ಎಲ್ಲವೂ ಒಳಗೆ ಸೇರುತ್ತಾ ಬಂದಿತ್ತು. ಕೂದಲಿನ ಹತ್ತಿರ ಬಂದು ನಿಂತುಬಿಟ್ಟಿತ್ತು.

ಶುಕ್ರವಾರ ಎಲ್ಲರಿಗೂ ಎಣ್ಣೆ ಸ್ನಾನ. ಹಂಡೆಯಲ್ಲಿ ನೀರು ಮರಳುತ್ತಿರುವಾಗಲೇ ಸೀಗೆಪುಡಿಯ ಘಾಟಿಗೆ ಮನೆಯವರೆಲ್ಲ ಸೀನುತ್ತಿದ್ದೆವು. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ. ಕೂದಲು ಆರಿದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ರೈಲು. ರೈಲು ಎಂದರೆ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಅಜ್ಜಿ, ಅವರ ತಲೆ ಬಾಚಲು ಮೇಲಿನ ಮೆಟ್ಟಿಲಲ್ಲಿ ಚಿಕ್ಕಮ್ಮ, ಚಿಕ್ಕಮ್ಮನ ತಲೆ ಬಾಚಲು ಅಪ್ಪನ ತಂಗಿ ಸರೋಜತ್ತೆ, ಸರೋಜತ್ತೆಯ ತಲೆ ಬಾಚಲು ಎಲ್ಲಕ್ಕಿಂತ ಮೇಲೆ ನಾನು. ನನ್ನ ಹಿಂದೆ ಬಾಗಿಲು. ನನ್ನ ತಲೆ ಬಾಚುವುದು ಅಮ್ಮನ ಕೆಲಸ, ಅದು ಅಡುಗೆಯಾದ ಮೇಲೆ, ಒಳಗೆ ಕೋಣೆಯಲ್ಲಿ. ಸಿಕ್ಕು ಬಿಡಿಸಲು ಬಹಳ ಹೊತ್ತು ಹಿಡಿಯುತ್ತದೆ, ರೈಲು ನಿಂತುಹೋಗುತ್ತದೆ ಎನ್ನುವುದು ಕಾರಣ. ಬಾಚಿ ಮುಗಿದ ಮೇಲೆ ಅವರವರ ಉಂಡೆ ಅವರವರ ಕೈಗೆ ಬರುತ್ತಿತ್ತು, ಕೈಯಿಂದ ಚೀಲಕ್ಕೆ ಹೋಗುತ್ತಿತ್ತು. ಚಿಕ್ಕಮ್ಮನೂ ಅಮ್ಮನ ಹಾಗೆಯೇ ಹೊರಗಿನಿಂದ ಬಂದ ಸೊಸೆ. ಆದರೆ ಅವರು ನಮ್ಮ ಜನ, ಅವರ ಕೂದಲು ಮಳೆನೀರಿನ ಹಾಗೆ ನೆಟ್ಟಗೆ ಇಳಿಯುತ್ತಿತ್ತು, ಅದು ಚೀಲಕ್ಕೆ ಹೋಗುತ್ತಿತ್ತು.

ಒಂದು ಶುಕ್ರವಾರ ನಾನು ಕೇಳಿಯೇಬಿಟ್ಟೆ.

“ಅಜ್ಜಿ, ನಂದು ಯಾಕೆ ಹಾಕ್ಬಾರ್ದು?”

“ಗುಂಗುರು ಸೇರಿದ್ರೆ ಚೌರಿ ಕೆಡುತ್ತೆ ಕಣೆ ಗಿರಿಜ. ಸಾಲಾಗಿ ಕೂರಲ್ಲ ಅದು.”

“ಚಿಕ್ಕಮ್ಮಂದು ಹಾಕ್ತೀರ.”

“ಅವಳ್ದು ನೆಟ್ಟಗಿದೆ.”

“ಅಮ್ಮಂದೂ ಹಾಕಲ್ಲ.”

“ಇದಕ್ಕೆ ಬಾಯಿ ನೋಡು! ಬಾಚ್ತಾ ಇದೀಯಲ್ಲ, ಬಾಚು.”

ಬಾಚಿದೆ. ಒಳಗೆ ಅಡುಗೆಮನೆಯಲ್ಲಿ ಸೌಟಿನ ಸದ್ದು ಒಂದು ಕ್ಷಣ ನಿಂತದ್ದು ನನಗೆ ಕೇಳಿಸಿತು. ಆ ವಯಸ್ಸಿಗೆ ಜಾತಿಯೆಂದರೆ ಏನೆಂದು ಗೊತ್ತಿರಲಿಲ್ಲ. ಆದರೆ ಒಂದು ಚೀಲವಿದೆ, ಅದರೊಳಗೆ ಮನೆಯವರು ಇದ್ದಾರೆ, ನಾನೂ ಅಮ್ಮನೂ ಹೊರಗಿದ್ದೇವೆ ಎನ್ನುವುದು ಚೆನ್ನಾಗಿ ಗೊತ್ತಾಗಿತ್ತು. ಅವತ್ತಿನಿಂದ ನಾನು ನನ್ನದೇ ಚೀಲ ಶುರುಮಾಡಿದೆ. ಸರೋಜತ್ತೆ ಬಿಸಾಡಿದ್ದ ಪೌಡರಿನ ಡಬ್ಬಿಯೊಂದನ್ನು ತೊಳೆದು, ಅಮ್ಮ ತಲೆ ಬಾಚಿದಾಗಲೆಲ್ಲ ನನ್ನ ಉಂಡೆಯನ್ನು ಅದರೊಳಗೆ ತುರುಕತೊಡಗಿದೆ. ಅಮ್ಮ ಬೇಡವೆನ್ನಲಿಲ್ಲ. ಒಂದೆರಡು ಸಲ ಮುಚ್ಚಳ ಬಿಗಿಯಾದಾಗ ಅವಳೇ ತೆಗೆದುಕೊಟ್ಟಳು. ಒಂದಲ್ಲ ಒಂದು ದಿನ ಚೌರಿಯವಳು ಬರುತ್ತಾಳೆ, ಅವಳಿಗೆ ನೇರವಾಗಿ ಕೊಟ್ಟರಾಯಿತು ಎನ್ನುವುದು ನನ್ನ ಲೆಕ್ಕಾಚಾರ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಪೂಜಾರಿಯನ್ನೇ ಹಿಡಿಯೋಣ ಎಂದುಕೊಂಡಿದ್ದೆ.

ಅವಳು ಬಂದದ್ದು ಸರೋಜತ್ತೆಯ ಮದುವೆ ಗೊತ್ತಾದ ಮೇಲೆ. ಅದಕ್ಕೆ ಸ್ವಲ್ಪ ಮುಂಚೆ ಅತ್ತೆಗೆ ಟೈಫಾಯ್ಡ್ ಬಂದು, ಮಂಡಿಯವರೆಗಿದ್ದ ಜಡೆ ಉದುರಿ ಬೆರಳುಗಾತ್ರವಾಗಿತ್ತು. ಜಡೆ ಮನೆಯ ಮಗಳು ಇಲಿಬಾಲದಂಥ ಜಡೆಯಲ್ಲಿ ಧಾರೆಗೆ ನಿಲ್ಲುವುದೇ ಎಂದು ಅಜ್ಜಿಗೆ ನಿದ್ದೆ ಹೋಯಿತು. ಮೇಲಾಗಿ ಬೀಗರು ತುಮಕೂರಿನ ಕಡೆಯವರು, ಎಲ್ಲವನ್ನೂ ಕೆದಕಿ ಕೇಳುವವರು. ಹೆಣ್ಣು ನೋಡಲು ಬಂದಾಗ ಗಂಡಿನ ತಾಯಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ, ಬಡಿಸುತ್ತಿದ್ದ ಅಮ್ಮನನ್ನು ನೋಡಿ, “ದೊಡ್ಡ ಸೊಸೆ ಯಾವ ಕಡೆಯವ್ರು?” ಎಂದು ಕೇಳಿದ್ದರು. ಅಮ್ಮ ಬಾಯಿ ತೆಗೆಯುವ ಮುಂಚೆ ಅಜ್ಜಿ ಹೇಳಿದರು:

“ನಮ್ಮನೆಯೋಳೇ. ಇನ್ನೊಂಚೂರು ಉಪ್ಪಿಟ್ಟು ಹಾಕಿಸ್ಕೊಳ್ಳಿ.”

ಅಷ್ಟಕ್ಕೇ ಮಾತು ಮುಗಿಯಿತು. ಆದರೂ ಮದುವೆ ಮುಗಿಯುವವರೆಗೆ ಯಾರೂ ಆ ವಿಷಯ ಎತ್ತಬಾರದು ಎನ್ನುವ ಭಯ ಮನೆಯಲ್ಲಿ ತುಂಬಿಕೊಂಡಿತ್ತು. ಯಾರಾದರೂ ಬಾಗಿಲು ತಟ್ಟಿದರೆ ಮೊದಲು ರಾಗಿ ಹಿಟ್ಟಿನ ಡಬ್ಬ ಅಟ್ಟಕ್ಕೆ ಹೋಗುತ್ತಿತ್ತು.

ಚೌರಿಯವಳು ಹಿತ್ತಿಲಲ್ಲಿ ಚಾಪೆ ಹಾಸಿ, ಎಲೆಯಡಿಕೆ ಅಗಿಯುತ್ತಾ, ಚೀಲವನ್ನು ಸುರಿದುಕೊಂಡು ಕೂತಳು. ಕಪ್ಪು ಗುಡ್ಡೆ ಅವಳ ಮೊಣಕಾಲು ಮುಟ್ಟುವಷ್ಟಿತ್ತು. ನಾನು ಪೌಡರ್ ಡಬ್ಬಿ ತಂದು ಅವಳ ಮುಂದೆ ಹಿಡಿದೆ. ಅವಳು ಮುಚ್ಚಳ ತೆಗೆದು ಒಂದು ಉಂಡೆಯನ್ನು ಎಳೆದು ಬಿಟ್ಟಳು. ಅದು ಚಂಗನೆ ಹಿಂದಕ್ಕೆ ಸುತ್ತಿಕೊಂಡಿತು. ಅವಳು ನಕ್ಕುಬಿಟ್ಟಳು.

“ಇದೇನ್ ಅಮ್ಮಣ್ಣಿ, ಕುರಿ ಉಣ್ಣೆ ತಂದಿದೀಯ! ಕಂಬಳಿ ನೇಯೋರಿಗೆ ಕೊಡು.”

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ನನ್ನನ್ನು ನೋಡಲಿಲ್ಲ.

“ಅದನ್ನ ಅತ್ಲಾಗ್ ಇಡು. ಹೋಗು, ಸುಲ್ತಾನ್‌ಪೇಟೆಗೆ ಅಪ್ಪ ಹೊರಟಿದಾರೆ, ಲಗ್ನಪತ್ರಿಕೆ ತರಕ್ಕೆ. ನೀನೂ ಹೋಗ್ಬಾ.”

ಡಬ್ಬಿಯನ್ನು ಬಚ್ಚಲ ಕಿಟಕಿಯ ಮೇಲಿಟ್ಟು ಅಪ್ಪನ ಸೈಕಲ್ಲಿನ ಮುಂದೆ ಕೂತು ಹೋದೆ. ಸುಲ್ತಾನ್‌ಪೇಟೆಯ ಅಂಗಡಿಗಳಲ್ಲಿ ಆಗಷ್ಟೇ ಅಚ್ಚಾದ ಲಗ್ನಪತ್ರಿಕೆಗಳ ಮೇಲೆ ಚಿನ್ನದ ಬಣ್ಣದ ಗಣಪತಿಗಳು ಸಾಲಾಗಿ ಒಣಗುತ್ತಿದ್ದವು. ಬೇರೆ ದಿನವಾಗಿದ್ದರೆ ಅಪ್ಪನ ಪ್ರಾಣ ತಿಂದು ಒಂದು ಹಾಳಾದ ಪತ್ರಿಕೆಯನ್ನಾದರೂ ಕೇಳಿ ತರುತ್ತಿದ್ದೆ. ಅವತ್ತು ಏನೂ ಬೇಡವಾಗಿತ್ತು. ವಾಪಸ್ ಬರುವ ಹೊತ್ತಿಗೆ ಚೌರಿ ಆಗಿಹೋಗಿತ್ತು. ಎಣ್ಣೆ ಹಚ್ಚಿ, ನೀವಿ, ಹಿತ್ತಿಲ ಗೋಡೆಯ ಮೊಳೆಗೆ ನೇತುಹಾಕಿದ್ದರು. ಕರೀ ಹಾವಿನಂತೆ ನೆಟ್ಟಗೆ, ನುಣ್ಣಗೆ ಇತ್ತು. ಬಚ್ಚಲಿಗೆ ಓಡಿದೆ. ಡಬ್ಬಿ ಕಿಟಕಿಯ ಮೇಲೆಯೇ ಇತ್ತು. ಮುಚ್ಚಳ ಪಕ್ಕದಲ್ಲಿತ್ತು. ಒಳಗೆ ಏನೂ ಇರಲಿಲ್ಲ. ಕೆಳಗೆ ಹಂಡೆ ಒಲೆಯ ಮುಂದೆ ಅಮ್ಮ ಕೂತಿದ್ದಳು. ಅವಳ ಕಣ್ಣು ಮೂಗು ಎಲ್ಲ ಕೆಂಪಾಗಿದ್ದವು.

“ಅಮ್ಮ, ನನ್ ಕೂದ್ಲು ಎಲ್ಲಿ?”

“ಹೊಗೆ ಕಣೆ, ಕಣ್ಣು ಉರೀತಿದೆ. ಹೋಗು ಆಚೆ.”

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ನನಗೆ ಅಷ್ಟೇ ಸಾಕಾಯಿತು. ಕೂದಲು ಸುಟ್ಟ ವಾಸನೆಯೂ ಬಂದ ಹಾಗೆ ಆಯಿತು. ಅಜ್ಜಿ ನನ್ನ ಡಬ್ಬಿಯನ್ನು ಒಲೆಗೆ ಸುರಿದಿದ್ದಾರೆ, ಅಮ್ಮ ಅದಕ್ಕೇ ಅಳುತ್ತಿದ್ದಾಳೆ ಎಂದು ತೀರ್ಮಾನ ಮಾಡಿದೆ. ಅವತ್ತು ರಾತ್ರಿ ಊಟ ಮಾಡಲಿಲ್ಲ. ಮುಂದಿನ ಶುಕ್ರವಾರದಿಂದ ರೈಲಿನಲ್ಲಿ ಕೂತರೂ ಅಜ್ಜಿಯೊಂದಿಗೆ ಬೇಕಾದಷ್ಟೇ ಮಾತು. ಅಜ್ಜಿ ಯಾಕೆಂದು ಕೇಳಲಿಲ್ಲ, ನಾನು ಹೇಳಲಿಲ್ಲ. ಅಷ್ಟು ಸಣ್ಣ ಮನೆಯಲ್ಲಿ ಅಷ್ಟು ದೊಡ್ಡ ಸಿಟ್ಟನ್ನು ಅಷ್ಟು ವರ್ಷ ಹೇಗೆ ಇಟ್ಟುಕೊಂಡೆನೋ ನನಗೇ ಆಶ್ಚರ್ಯ. ಅಜ್ಜಿ ಹೋದರು, ಅಮ್ಮನೂ ಹೋದಳು. ಸಿಟ್ಟು ಹಾಗೆಯೇ ಉಳಿಯಿತು.

ಮದುವೆಯ ಮಾರನೆಯ ದಿನ ಸ್ಟುಡಿಯೋದಲ್ಲಿ ತೆಗೆಸಿದ ಅತ್ತೆಯ ಫೋಟೋ ನಮ್ಮ ಹಜಾರದ ಗೋಡೆಗೆ ಬಂತು. ಆಗ ಜಡೆಯ ಫೋಟೋ ತೆಗೆಸುವ ಕ್ರಮವೇ ಬೇರೆ. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಬೆನ್ನ ಹಿಂದೆ ಓರೆಯಾಗಿ ಕನ್ನಡಿ ಇಡುತ್ತಿದ್ದರು. ಎದುರಿಗೆ ಮುಖ, ಕನ್ನಡಿಯಲ್ಲಿ ಜಡೆ. ಅತ್ತೆಯ ಜಡೆ ನೆತ್ತಿಯ ಹಿಂದಿನ ರಾಗಟೆಯಿಂದ ತುದಿಯ ಕುಚ್ಚಿನವರೆಗೆ ರೂಲುದೊಣ್ಣೆಯಂತೆ ಇಳಿದಿತ್ತು. ಬಂದವರೆಲ್ಲ ಅತ್ತೆಯ ಮುಖ ನೋಡುತ್ತಿದ್ದರು, ಕನ್ನಡಿ ನೋಡುತ್ತಿದ್ದವಳು ನಾನೊಬ್ಬಳೇ. ಅದರಲ್ಲಿ ನಾನಿಲ್ಲ, ಅಮ್ಮ ಇಲ್ಲ ಎಂದು ಪ್ರತಿ ಸಲವೂ ಹೊಟ್ಟೆ ಉರಿಯುತ್ತಿತ್ತು.

ಹೊಟ್ಟೆಯುರಿಯಿಂದಲೂ ಒಂದು ವಿದ್ಯೆ ಬರುತ್ತದೆ. ನನ್ನ ಕೂದಲನ್ನು ಯಾರೂ ಮುಟ್ಟದಿದ್ದರೇನು, ನಾನು ಎಲ್ಲರ ತಲೆಯನ್ನೂ ಹಿಡಿಯುತ್ತೇನೆ ಎನ್ನುವ ಹಟ ಅದು. ಕಾಲೇಜಿನಲ್ಲಿ ನಾಟಕದ ಹುಡುಗಿಯರಿಗೆ ತುರುಬು ಕಟ್ಟಿದೆ, ಆಮೇಲೆ ಮದುಮಕ್ಕಳಿಗೆ ಜಡೆ ಹಾಕಿದೆ, ಬ್ಯೂಟಿ ಪಾರ್ಲರಿನಲ್ಲಿ ಕಲಿತೆ, ನನ್ನದೇ ಒಂದನ್ನು ಇಟ್ಟೆ, ಜಾಹೀರಾತಿನವರು ಕರೆಯತೊಡಗಿದರು. ಅರವತ್ತು ದಾಟಿದ ಮೇಲೆ ಪಾರ್ಲರನ್ನು ಮಗಳ ಕೈಗೆ ಕೊಟ್ಟು, ಕರೆದಲ್ಲಿಗೆ ಮಾತ್ರ ಹೋಗುತ್ತಿದ್ದೇನೆ. ಈಚೆಗೆ ಕರೆಯುವವರೆಲ್ಲ ಕೇಳುವುದು ಒಂದೇ: ಹಳೇ ಕಾಲದ ಲುಕ್. ನಾವು ಕಷ್ಟಪಟ್ಟು ಬಿಟ್ಟದ್ದನ್ನೆಲ್ಲ ಇವರು ಇಷ್ಟಪಟ್ಟು ಹುಡುಕುತ್ತಿದ್ದಾರೆ.

ಹೋದ ಚಳಿಗಾಲದಲ್ಲಿ ಹಾಗೆ ಫೋನ್ ಮಾಡಿದವಳು ಅನನ್ಯ. ಸೀರೆ ಅಂಗಡಿಯೊಂದಕ್ಕೆ ಹೊಸ ಜಾಹೀರಾತು ಮಾಡುತ್ತಿದ್ದಳು. ಚೂಟಿ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಎಪ್ಪತ್ತರ ದಶಕದ ಬೆಂಗಳೂರಿನ ಮದುಮಗಳು ಬೇಕು, ಚಾಮರಾಜಪೇಟೆಯಲ್ಲಿ ಒಂದು ಮನೆ ಸಿಕ್ಕಿದೆ ಎಂದು ವಿಳಾಸ ಕಳಿಸಿದಳು. ನೋಡಿದರೆ ನಮ್ಮದೇ ಮನೆ! ಈಗ ಅದು ಚಿಕ್ಕಪ್ಪನ ಮಗ ಶಿವುವಿನದು. ಅವನು ಬೇರೆ ಕಡೆ ಫ್ಲಾಟಿನಲ್ಲಿದ್ದುಕೊಂಡು ಇದನ್ನು ಶೂಟಿಂಗಿಗೆ ಬಾಡಿಗೆಗೆ ಕೊಡುತ್ತಾನೆ. ಅನನ್ಯಳಿಗೆ ಮನೆ ಹಿಡಿಸಿದ್ದೇ ಹಜಾರದಲ್ಲಿ ಇನ್ನೂ ತೂಗುತ್ತಿದ್ದ ಆ ಕನ್ನಡಿಯ ಫೋಟೋದಿಂದ. ಅದೇ ಥರ ತೆಗೆಯಬೇಕು ಎಂದಳು. ಫೋಟೋದಲ್ಲಿರುವುದು ನಮ್ಮ ಅತ್ತೆ ಎಂದು ನಾನು ಹೇಳಲಿಲ್ಲ. ಕೆಲಸಕ್ಕೆ ಹೋದವಳು ಕೆಲಸ ಮಾಡಬೇಕು.

ನನಗೆ ಮೇಕಪ್ಪಿಗೆಂದು ಕೊಟ್ಟದ್ದು ಅಮ್ಮ ನನ್ನ ತಲೆ ಬಾಚುತ್ತಿದ್ದ ಕೋಣೆ. ಮಾಡೆಲ್ ಹುಡುಗಿ ಮೇಘ ಕನ್ನಡಿಯ ಮುಂದೆ ಕೂತು ಟವೆಲ್ ಬಿಚ್ಚಿದಳು. ಗುಂಗುರು ಕೂದಲು ಭುಜದ ತುಂಬ ಹರಡಿತು. ಅನನ್ಯ ಬಾಗಿಲಲ್ಲಿ ನಿಂತು ಹೇಳಿದಳು:

“ಆಂಟಿ, ಇದನ್ನ ಫುಲ್ ಸ್ಟ್ರೇಟ್ ಮಾಡ್ಬಿಡಿ. ಆ ಕಾಲದಲ್ಲಿ ಕರ್ಲಿ ಹೇರ್ ಎಲ್ಲಿರ್ತಿತ್ತು ಅಲ್ವಾ?”

ಅವಳ ತಪ್ಪೇನಿಲ್ಲ. ಅವಳು ನೋಡಿದ ಫೋಟೋಗಳಲ್ಲೆಲ್ಲ ಇರಲಿಲ್ಲ. ನಾನು ಹೂಂ ಎಂದು ಕೂದಲಿನ ಇಸ್ತ್ರಿ ಕಾಯಿಸಿ, ಮೇಘಳ ಕೂದಲನ್ನು ಎಳೆ ಎಳೆಯಾಗಿ ನೆಟ್ಟಗೆ ಮಾಡಿದೆ. ಮುಖಕ್ಕೆ ಈಗಿನ ಥರ ಗೆರೆ ಕೊರೆಯದೆ, ಆಗಿನ ಥರ ತೆಳ್ಳಗೆ ಬೇಸ್ ಹಾಕಿ ಪೌಡರ್ ಒತ್ತಿದೆ. ಹುಬ್ಬನ್ನು ಕಮಾನಿನಂತೆ ತೀಡಿ, ಕಣ್ಣ ಕೊನೆಯಲ್ಲಿ ಕಾಡಿಗೆಯನ್ನು ಸ್ವಲ್ಪ ಮೇಲಕ್ಕೆ ಎಳೆದೆ. ಸ್ಟಿಕರ್ ಬೇಡವೆಂದು, ಅಮ್ಮ ಮಾಡುತ್ತಿದ್ದ ಹಾಗೆ ಹಣೆಗೆ ಚೂರು ಮೇಣ ಸವರಿ ಅದರ ಮೇಲೆ ಕುಂಕುಮ ಇಟ್ಟೆ. ಎಲ್ಲ ಸರಿಯಾಯಿತು. ಜಡೆಯೊಂದು ಕೈಕೊಟ್ಟಿತು. ನಾನು ತಂದಿದ್ದ ನೈಲಾನ್ ಜಡೆ ಕಣ್ಣಿಗೆ ಚೆನ್ನಾಗಿತ್ತು, ಕ್ಯಾಮೆರಾಗೆ ಪ್ಲಾಸ್ಟಿಕ್ ಹಗ್ಗದಂತೆ ಹೊಳೆಯಿತು. ಕನ್ನಡಿಯ ಫೋಟೋಗೆ ಜಡೆಯೇ ದೇವರು, ಅದೇ ಸುಳ್ಳಾದರೆ ಉಳಿದದ್ದೆಲ್ಲ ಸುಳ್ಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನಾನು ಆಟೋ ಹತ್ತಿ ಬಸವನಗುಡಿಗೆ, ಸರೋಜತ್ತೆಯ ಫ್ಲಾಟಿಗೆ ಹೋದೆ. ಆ ಚೌರಿ ಬಿಟ್ಟರೆ ನನಗೆ ಬೇರೆ ದಾರಿ ತೋಚಲಿಲ್ಲ. ಯಾವುದನ್ನು ನೋಡಿ ಹೊಟ್ಟೆ ಉರಿದುಕೊಂಡೆನೋ ಅದನ್ನೇ ಬೇಡಲು ಹೋದೆ.

ಅತ್ತೆ ಟ್ರಂಕಿನಿಂದ ಮಲ್ಲು ಬಟ್ಟೆಯಲ್ಲಿ ಸುತ್ತಿದ್ದ ಅದನ್ನು ತೆಗೆದುಕೊಟ್ಟರು.

“ಮದ್ವೇಲಿ ಹಾಕಿದ್ದು ಅಷ್ಟೇ ಕಣೆ. ಆಮೇಲೆ ಕೂದ್ಲು ಬಂತಲ್ಲ, ಇದನ್ನ ಮುಟ್ಟೇ ಇಲ್ಲ. ಸಾಯಂಕಾಲ ತಂದ್ಕೊಡು, ಊಟಕ್ಕೂ ಇರು.”

ಹಳೆ ಎಣ್ಣೆ ಕುಳಿತು ಚೌರಿ ಕಡ್ಡಿಯಾಗಿತ್ತು. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಬಿಸಿನೀರಿನಲ್ಲಿ ನೆನೆಸಿ, ಶಾಂಪೂ ಹಾಕಿ ತೊಳೆದೆ. ಎಣ್ಣೆ ಬಿಟ್ಟಿತು. ಟವೆಲ್ಲಿನಲ್ಲಿ ಒತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಆ ಕಿಟಕಿಯೇ, ನನ್ನ ಡಬ್ಬಿ ಇಟ್ಟಿದ್ದ ಕಿಟಕಿ. ನೋಡುತ್ತಿದ್ದ ಹಾಗೆಯೇ ನೆಟ್ಟನೆಯ ಎಳೆಗಳ ನಡುವಿನಿಂದ ಒಂದು ಸುರುಳಿ ಎದ್ದಿತು. ಅದರ ಪಕ್ಕದಲ್ಲಿ ಇನ್ನೊಂದು. ಚೌರಿಯ ಒಡಲೊಳಗೆ, ಮೇಲಿನಿಂದ ಕಾಣದ ಕಡೆ, ಒಂದು ಹಿಡಿಯಷ್ಟು ಕೂದಲು ನೀರು ಕುಡಿದು ಉಂಗುರ ಉಂಗುರವಾಗಿ ಮೇಲೆ ಬರುತ್ತಿತ್ತು. ಮಗುವಿನ ಸಣ್ಣ ಎಳೆ ಇತ್ತು, ಅದಕ್ಕಿಂತ ದಪ್ಪನೆಯ ಉದ್ದದ್ದೂ ಇತ್ತು. ಕೂದಲು ಹಿಡಿದೇ ತಲೆ ನರೆಸಿಕೊಂಡವಳು ನಾನು, ತಪ್ಪು ತಿಳಿಯುವ ಮಾತೇ ಇಲ್ಲ. ಆ ಮನೆಯಲ್ಲಿ ಗುಂಗುರು ಕೂದಲು ಇದ್ದದ್ದು ಇಬ್ಬರಿಗೆ. ನಾನು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟೆ. ಹೊರಗೆ ಯಾರೋ ಲೈಟ್ ಹೋಗ್ತಾ ಇದೆ ಎಂದು ಕೂಗುತ್ತಿದ್ದರು.

ಎದ್ದು ಹೋಗಿ ಮೇಘಳನ್ನು ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿ, ನಾನು ಮೇಲಿನ ಮೆಟ್ಟಿಲಲ್ಲಿ ಕೂತೆ. ಬೆಳಿಗ್ಗೆ ಇಸ್ತ್ರಿ ಮಾಡಿದ್ದ ಅವಳ ಕೂದಲಿಗೆ ನೀರು ಚಿಮುಕಿಸಿದೆ. ಅದು ಕೂಡಲೇ ತನ್ನ ಮೊದಲಿನ ಗುಣಕ್ಕೆ ಬಂತು. ಹಾಗೆಯೇ ಬೈತಲೆ ತೆಗೆದು ಚೌರಿ ಸೇರಿಸಿ ಹೆಣೆಯತೊಡಗಿದೆ. ಅನನ್ಯ ಓಡಿ ಬಂದಳು.

“ಆಂಟಿ! ಕರ್ಲ್ಸ್ ವಾಪಸ್ ಬಂದ್ಬಿಟ್ಟಿದೆ. ಜಡೆನಲ್ಲೂ ಇದೆ. ಸ್ಟ್ರೇಟ್ನರ್ ತರ್ಲಾ?”

“ಬೇಡಮ್ಮ.”

“ರೆಫರೆನ್ಸ್ ಫೋಟೋದಲ್ಲಿ ನೆಟ್ಟಗಿದೆಯಲ್ಲ?”

“ಆ ಫೋಟೋದಲ್ಲಿರೋ ಜಡೆನೇ ಇದು. ಇದೇ ಚೌರಿ. ಎಪ್ಪತ್ತರ ದಶಕದ ಗುಂಗುರು ಕಣಮ್ಮ ಇದು, ನಾನು ಮಾಡಿದ್ದಲ್ಲ.”

ಅವಳು ನನ್ನ ಮುಖ ನೋಡಿದಳು, ಜಡೆ ನೋಡಿದಳು, ಹಜಾರದ ಕಡೆ ತಿರುಗಿ ನೋಡಿದಳು. ಏನು ಅರ್ಥವಾಯಿತೋ, ಇಸ್ತ್ರಿ ತರಲಿಲ್ಲ. ಮೇಘ ಮಾತ್ರ ಕತ್ತು ತಿರುಗಿಸದೆ, “ಹೀಗೇ ಬಿಡಿ ಆಂಟಿ, ನನ್ನನ್ನ ಯಾರೂ ಹೀಗೆ ಬಿಡಲ್ಲ” ಎಂದಳು. ಕನ್ನಡಿ ಇಟ್ಟು ಫೋಟೋ ತೆಗೆದರು. ಮಲ್ಲಿಗೆ ದಂಡೆಯ ಕೆಳಗೆ ಜಡೆಯ ಉದ್ದಕ್ಕೂ ಅಲ್ಲಲ್ಲಿ ಸುರುಳಿಗಳು ತಲೆ ಹಾಕಿ ನೋಡುತ್ತಿದ್ದವು. ಅನನ್ಯ ಸಮಾಧಾನಕ್ಕೆ ನೈಲಾನ್ ಜಡೆಯದ್ದೂ ನಾಲ್ಕು ತೆಗೆಸಿದಳು, ಅಂಗಡಿಯವರು ಆರಿಸಿಕೊಳ್ಳಲಿ ಎಂದು. ಅವರು ಯಾವುದನ್ನು ಆರಿಸಿದರೆಂದು ನಾನು ಕೇಳಲೂ ಇಲ್ಲ.

ಸಂಜೆ ಅತ್ತೆಯ ಮನೆಗೆ ಹೋದವಳೇ ಚಪ್ಪಲಿ ಬಿಡುವ ಮುಂಚೆ ಕೇಳಿದೆ.

“ಅತ್ತೆ, ಇದರೊಳಗೆ ನನ್ನ ಕೂದ್ಲಿದೆ. ಅಮ್ಮಂದೂ ಇದೆ. ಯಾರು ಹಾಕ್ಸಿದ್ದು?”

ಅತ್ತೆಗೆ ನನ್ನ ಪ್ರಶ್ನೆಯೇ ವಿಚಿತ್ರವೆನ್ನಿಸಿತು.

“ಯಾರೇನು, ನಿಮ್ಮಜ್ಜಿನೇ. ಚೌರಿಯವಳು ಆಗಲ್ಲ ಅಂತ ಹಟ ಮಾಡಿದ್ಲು. ಮನೆ ಮಗು ಡಬ್ಬಿ ತುಂಬ ಕೂಡಿಟ್ಟಿದೆ, ಅದನ್ನ ಬಿಟ್ಟು ಕಟ್ಟಿದ್ರೆ ಇದು ನಮ್ಮನೆ ಚೌರಿ ಹೇಗಾಗುತ್ತೆ, ಮಧ್ಯದಲ್ಲಿಟ್ಟು ಕಟ್ಟು ಅಂದ್ರು. ಆಮೇಲೆ ನಿಮ್ಮಮ್ಮನ್ನ ಕರೆದ್ರು. ಲಲಿತಾ, ನಿಂದೂ ಬೇಕು, ಬಾ ಇಲ್ಲಿ ಅಂದ್ರು. ನಿಮ್ಮಮ್ಮ, ನಂದು ಕೂಡಿಟ್ಟಿಲ್ಲ ಅತ್ತೆ ಅಂದ್ಲು. ಕೂಡಿಡೋದೇನು, ಕೂತ್ಕೋ ಅಂತ ಮುಂದೆ ಕೂರಿಸ್ಕೊಂಡು, ತಾವೇ ಎಣ್ಣೆ ಹಚ್ಚಿ ತಲೆ ಬಾಚಿದ್ರು. ಆ ಮನೆಗೆ ಸೇರಿದ್ಮೇಲೆ ನಿಮ್ಮಮ್ಮನ ತಲೆ ಅವ್ರು ಮುಟ್ಟಿದ್ದು ಅದೇ ಮೊದ್ಲು ಕಣೆ. ನಿಮ್ಮಮ್ಮ ತಡೀಲಾರ್ದೆ ಬಚ್ಚಲಿಗೆ ಹೋಗಿ ಅತ್ಲು.”

“ನಂಗ್ಯಾಕೆ ಯಾರೂ ಹೇಳ್ಲಿಲ್ಲ?”

“ನಿನ್ ಬಾಯಿ ಗೊತ್ತಿರ್ಲಿಲ್ವಾ! ಬೀಗರ ಮುಂದೆ ನಿಂತು, ಇದರಲ್ಲಿ ನಂದೂ ಇದೆ ಅಂದ್ಬಿಟ್ರೆ? ಮದ್ವೆ ಆಗ್ಲಿ ಆಮೇಲೆ ಹೇಳೋಣ ಅಂದ್ರು ನಿಮ್ಮಜ್ಜಿ. ಆಮೇಲೆ ಯಾರಿಗೆ ನೆನಪು? ನಿಮ್ಮಮ್ಮ ಹೇಳಿರ್ತಾಳೆ ಅಂದ್ಕೊಂಡಿದ್ದೆ.”

ಅಮ್ಮನೂ ಬಹುಶಃ ನನಗೆ ಗೊತ್ತಿದೆ ಎಂದೇ ಅಂದುಕೊಂಡಿದ್ದಳು. ನನ್ನ ಸಿಟ್ಟನ್ನು ಬೇರೆ ಯಾವುದೋ ಸಿಟ್ಟೆಂದು ತಿಳಿದಿದ್ದಳು. ಹೊಗೆಯ ಮುಂದೆ ಕೂತಿದ್ದ ಆ ಕೆಂಪು ಮುಖವನ್ನು ನಾನು ಇಷ್ಟು ಕಾಲ ಅವಮಾನದ ಮುಖವೆಂದು ಹೊತ್ತುಕೊಂಡು ತಿರುಗಿದ್ದೆ. ಅದು ತನ್ನ ಅತ್ತೆಯಿಂದ ಮೊದಲ ಸಲ ತಲೆ ಬಾಚಿಸಿಕೊಂಡು ಬಂದ ಸೊಸೆಯ ಮುಖವಾಗಿತ್ತು. ನನಗೆ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ಸೇರಿಸಿಕೊಂಡರು, ನಿಜ. ಆದರೆ ಮಧ್ಯದಲ್ಲಿ, ಎಣ್ಣೆ ಹಚ್ಚಿ, ನೀವಿ, ಯಾರಿಗೂ ಕಾಣದ ಹಾಗೆ. ಬೀಗರಿಗೆ ಕಾಣಬಾರದೆಂದು ಮುಚ್ಚಿಟ್ಟದ್ದು ನನಗೂ ಕಾಣಲಿಲ್ಲ. ಅಜ್ಜಿಗೆ ಅಷ್ಟು ಮಾಡುವ ಧೈರ್ಯ ಇತ್ತು, ಅದಕ್ಕಿಂತ ಹೆಚ್ಚು ಇರಲಿಲ್ಲ. ಅವರು ಎದುರಿಗಿದ್ದಿದ್ದರೆ ಜಗಳ ಆಡುತ್ತಿದ್ದೆ, ಜಗಳ ಮುಗಿದ ಮೇಲೆ ಅವರ ತಲೆ ಬಾಚುತ್ತಿದ್ದೆ.

ಚೌರಿಯನ್ನು ಸುತ್ತಿ ಅತ್ತೆಯ ಮುಂದಿಟ್ಟೆ. ಅತ್ತೆ ಅದನ್ನು ಮುಟ್ಟದೆ ನನ್ನ ತಲೆಯನ್ನೇ ನೋಡುತ್ತಿದ್ದರು. ದಿನವೆಲ್ಲ ಓಡಾಡಿ ನನ್ನ ಜುಟ್ಟು ಬಿಚ್ಚಿಹೋಗಿತ್ತು.

“ಏನೇ ಇದು, ಊರ್ಗೆಲ್ಲ ಸಿಂಗಾರ ಮಾಡೋಳು ನಿನ್ ತಲೆ ನೋಡ್ಕೋಬಾರ್ದಾ? ಬಾ, ಕೂತ್ಕೋ.”

ಬೇಡವೆಂದರೂ ಕೇಳದೆ ಸೋಫಾದ ಮೇಲೆ ಕೂತು, ನನ್ನನ್ನು ಕೆಳಗೆ ಕೂರಿಸಿಕೊಂಡರು. ಬಾಚಣಿಗೆ ಮೊದಲ ಸಿಕ್ಕಿಗೇ ನಿಂತಿತು.

“ಅಯ್ಯೋ ರಾಮ, ನಿಮ್ಮಜ್ಜಿ ಹೇಳ್ತಿದ್ದಿದ್ದು ಸುಳ್ಳಲ್ಲ. ರೈಲು ನಿಂತೇ ಹೋಗ್ತಿತ್ತು.”

ನನ್ನ ಹಿಂದೆ ಬಾಗಿಲಿರಲಿಲ್ಲ, ಅತ್ತೆ ಇದ್ದರು. ಎಳೆದಾಗ ನೋವಾಗುತ್ತಿತ್ತು. ಬಾಚಿ ಮುಗಿಸಿದವರು ಬಾಚಣಿಗೆಯಲ್ಲಿದ್ದದ್ದನ್ನು ಬಿಡಿಸಿ ಬೆರಳಿಗೆ ಸುತ್ತಿದರು. ಅರ್ಧ ಕಪ್ಪು, ಅರ್ಧ ಬಿಳಿ. ಉಗಿಯುತ್ತಾರೆ, ಎಸೆಯುತ್ತಾರೆ ಎಂದುಕೊಂಡೆ. ಅವರು ಮಲ್ಲು ಬಟ್ಟೆಯ ಗಂಟು ಬಿಚ್ಚಿ, ಉಂಡೆಯನ್ನು ಚೌರಿಯ ಪಕ್ಕ ಇಟ್ಟು, ಮತ್ತೆ ಕಟ್ಟಿದರು.

“ಗುಂಗುರು ಸೇರಿದ್ರೆ ಚೌರಿ ಕೆಡುತ್ತೆ ಅತ್ತೆ,” ಎಂದೆ.

“ಕೆಡ್ಲಿ ಬಿಡೆ,” ಎಂದರು.